ಬೊಮ್ಮಕ್ಕನ ಮರಿ ಬಿಡುವ ಆಟ

ಚಳ್ಳಕೆರೆಯ ಮಕ್ಕಳ ಮನೆಯೊಂದರ ಅಡುಗೆಕೋಣೆಯ ಬಾಗಿಲಲ್ಲಿ ನನ್ನನ್ನು ಒಮ್ಮೆ ತಡೆದು ನಿಲ್ಲಿಸಿದರು. ತಡೆದವಳಿಗೆ ಏಳು ವರ್ಷ. ಅವಳ ಕೈಯಲ್ಲಿದ್ದದ್ದು ಮುದ್ದೆ ತಿರುವುವ ಕೋಲು. ನನಗೆ ಅರವತ್ತಾರು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಹುಡುಗರ ಕಿವಿ ಹಿಂಡಿ ನಿವೃತ್ತನಾದವನು, ಮೇಲಾಗಿ ಆ ಮಕ್ಕಳು ಯಾರ ಮನೆಗೆ ಹೋಗಬೇಕು, ಹೋಗಬಾರದು ಎಂದು ತೀರ್ಮಾನಿಸುವ ಸಮಿತಿಯ ಸದಸ್ಯ. ಒಳಗೆ ಹೋಗಬೇಕಾದರೆ ಕುರಿಯ ಹಾಗೆ ಕೂಗಬೇಕಂತೆ. ನಾನು ಕೂಗಲಿಲ್ಲ. ಊಟ ಮಾಡದೆ ಮನೆಗೆ ಹೋದೆ. ದಾರಿಯುದ್ದಕ್ಕೂ ಸಿಟ್ಟು ಬಂದದ್ದು ಹುಡುಗಿಯ ಮೇಲಲ್ಲ, ಅವಳಿಗೆ ಆ ಆಟ ಕಲಿಸಿದ ಬೊಮ್ಮಕ್ಕನ ಮೇಲೆ. ಈಗ ಬರೆಯುತ್ತಿರುವುದು ಆ ಬೊಮ್ಮಕ್ಕನ ವಿಷಯವನ್ನೇ.

ಬೊಮ್ಮಕ್ಕ ದೊಡ್ಡಉಳ್ಳಾರ್ತಿ ಕಾವಲಿನ ಅಂಚಿನ ಹಟ್ಟಿಯವಳು. ಹುಟ್ಟಿದ್ದು ಕುರಿಯ ಮನೆಯಲ್ಲಿ, ಸೊಸೆಯಾಗಿ ಹೋದದ್ದೂ ಕುರಿಯ ಮನೆಗೇ. ವಯಸ್ಸು ಕೇಳಿದರೆ "ಐವತ್ತೋ ಅರವತ್ತೋ, ನಿಮಗೆ ಯಾವ್ದು ಚೆಂದ ಕಾಣ್ತೈತೋ ಅದ್ನ ಬರ್ಕೊಳ್ರಿ" ಎನ್ನುತ್ತಾಳೆ. ಹುಲ್ಲುಗಾವಲಾಗಿದ್ದ ಆ ಕಾವಲಿಗೆ ಸರ್ಕಾರಿ ಸಂಸ್ಥೆಗಳ ಗೋಡೆ ಬಂದ ಮೇಲೆ ಮೇವು ದೂರವಾಯಿತು. ಎರಡು ವರ್ಷ ಅಲೆದು ಮೂರನೆಯ ವರ್ಷ ಗಂಡ ಬೋರಣ್ಣ ಕುರಿ ಮಾರಿದ. ಈಗ ಅವನು ಅದೇ ಗೋಡೆಯ ಒಂದು ಗೇಟಿನಲ್ಲಿ ವಾಚ್‌ಮನ್. ತಾನು ಕುರಿ ಮೇಯಿಸಿದ ಜಾಗಕ್ಕೆ ಯಾರ ಕುರಿಯೂ ನುಗ್ಗದಂತೆ ನೋಡಿಕೊಳ್ಳುವುದು ಅವನ ಕೆಲಸ. ಇದನ್ನು ನಾನು ಒಮ್ಮೆ ಕುಹಕವಾಗಿ ಎತ್ತಿ ಆಡಿದಾಗ ಬೊಮ್ಮಕ್ಕ, "ನೆಳ್ಳಾಗೆ ಕುಂತ್ಕೊಳೋ ಕೆಲಸ ಬಿಡ್ರಿ ಮೇಷ್ಟ್ರೆ, ಅವನ ಮಂಡಿನೋವಿಗೆ ಒಳ್ಳೇದಾತು" ಎಂದು ಮಾತು ಮುಗಿಸಿದಳು.

ಕುರಿ ಹೋದ ಮೇಲೆ ಅವಳು ಚಳ್ಳಕೆರೆಗೆ ಬಂದು ಮಕ್ಕಳ ಮನೆಗೆ ಆಯಾ ಆಗಿ ಸೇರಿದಳು. ಮುಚ್ಚಿಹೋದ ಎಣ್ಣೆ ಮಿಲ್ಲೊಂದರ ಹಿಂದಿನ ಕಟ್ಟಡ ಅದು. ಹೆತ್ತವರಿಲ್ಲದ ಹತ್ತೊಂಬತ್ತು ಮಕ್ಕಳು. ಅಡುಗೆ ಮಾಡುವುದು, ಸಣ್ಣವರಿಗೆ ಸ್ನಾನ ಮಾಡಿಸುವುದು, ಹೇನು ತೆಗೆಯುವುದು ಅವಳ ಪಾಲಿನ ಕೆಲಸ. ಸಂಜೆ ಮೇಲ್ವಿಚಾರಕಿ ವನಜಾಕ್ಷಿ ಹಾಜರಿ ಪುಸ್ತಕ ಹಿಡಿದು ಮಕ್ಕಳನ್ನು ಎಣಿಸುತ್ತಿದ್ದರೆ ಬೊಮ್ಮಕ್ಕ ಬಾಗಿಲಲ್ಲಿ ನಿಂತು ಮುಖ ನೋಡುತ್ತಿದ್ದಳು. ಪುಸ್ತಕದ ಲೆಕ್ಕ ಮುಗಿಯುವ ಮೊದಲೇ ಯಾರಿಲ್ಲ ಎಂದು ಹೆಸರು ಹಿಡಿದು ಹೇಳುತ್ತಿದ್ದಳು.

ಅದು ಹಟ್ಟಿಯ ಅಭ್ಯಾಸ. ಹೊತ್ತು ಮುಳುಗುವಾಗ ಹಿಂಡು ಮುಳ್ಳುಬೇಲಿಯ ರೊಪ್ಪಕ್ಕೆ ಬರುತ್ತದೆ. ಬಾಗಿಲಲ್ಲಿ ಒಬ್ಬರು ಕೋಲು ಅಡ್ಡ ಹಿಡಿದು ನಿಲ್ಲುತ್ತಾರೆ. ಒಂದೊಂದೇ ಕುರಿಯ ಮುಖ ನೋಡಿ "ನಮ್ದು" ಎಂದು ಕೋಲು ಎತ್ತುತ್ತಾರೆ. ಬೇರೆ ಹಿಂಡಿನದು ಸೇರಿಕೊಂಡಿದ್ದರೆ "ನಮ್ದಲ್ಲ" ಎಂದು ಬದಿಗೆ ಕಟ್ಟುತ್ತಾರೆ. ಅದಕ್ಕೂ ನೀರು, ಮೇವು ಹಾಕಿ ಬೆಳಿಗ್ಗೆ ಅದರ ಹಿಂಡಿಗೆ ಮುಟ್ಟಿಸುತ್ತಾರೆ. ಮೇವು ಹಾಕದೆ ಇರಿಸಿದರೆ ಹಟ್ಟಿಯಲ್ಲಿ ಹೆಸರು ಕೆಡುತ್ತದೆಯಂತೆ.

ಇನ್ನು ಪುಷ್ಪಲತಾ. ವಾರಕ್ಕೆರಡು ದಿನ ಚಿತ್ರದುರ್ಗದಿಂದ ಬಸ್ಸಿನಲ್ಲಿ ಬರುವ ಆಪ್ತಸಮಾಲೋಚಕಿ. ಮೂವತ್ತರ ಹುಡುಗಿ. ಅವಳು ಬಂದ ಮೇಲೆ ಮಕ್ಕಳ ಮನೆಗೆ ಬಣ್ಣದ ಚೆಂಡು, ಜೇಡಿಮಣ್ಣು, ನಾಲ್ಕು ಕಡೆ ಹಿಡಿದು ಕುಣಿಸುವ ದೊಡ್ಡ ಬಟ್ಟೆ ಬಂದವು. ಇದಕ್ಕೆ ಮನರಂಜನಾ ಚಿಕಿತ್ಸೆ ಎಂದು ಹೆಸರು. ತೀರಾ ಚಿಕ್ಕಂದಿನಲ್ಲಿ ಹೆದರಿಕೊಂಡ ಮಕ್ಕಳಿಗೆ ಮಾತಿನಲ್ಲಿ ಧೈರ್ಯ ಹೇಳಿದರೆ ತಾಗುವುದಿಲ್ಲ, ಆಟದಲ್ಲಿ ಮಾತ್ರ ಮೈ ಸಡಿಲಾಗುತ್ತದೆ, ಏನು ಬೇಕು ಏನು ಬೇಡ ಎಂದು ಮಗು ತಾನೇ ಆರಿಸಿಕೊಳ್ಳುವುದನ್ನು ಅಲ್ಲಿ ಕಲಿಯುತ್ತದೆ ಎಂದು ಅವಳು ಸಮಿತಿಗೆ ವಿವರಿಸಿದಳು. "ನಮ್ಮ ಕಾಲದಲ್ಲಿ ಇದನ್ನ ಆಟದ ಪಿರಿಯಡ್ ಅಂತಿದ್ವಿ" ಎಂದೆ. ಅವಳು ನಕ್ಕಳು. ನನ್ನ ಮಾತು ಚೆನ್ನಾಗಿತ್ತು ಎಂದೇ ನಾನು ಬಹಳ ದಿನ ಅಂದುಕೊಂಡಿದ್ದೆ.

ಕೋಲು ಹಿಡಿದ ಹುಡುಗಿಯ ನಿಜವಾದ ಹೆಸರು ಬರೆಯುವ ಹಾಗಿಲ್ಲ. ಸ್ವಪ್ನ ಎಂದಿಟ್ಟುಕೊಳ್ಳೋಣ. ಮೊಳಕಾಲ್ಮೂರಿನ ನೇಕಾರರ ಓಣಿಯವಳು. ತಂದೆ ಮೊದಲೇ ತೀರಿಕೊಂಡಿದ್ದ. ಕೊರೊನಾದ ಎರಡನೆಯ ವರ್ಷ ತಾಯಿಗೆ ಜ್ವರ ಬಂತು. ಮೂರನೆಯ ದಿನ ಯಾರೋ ಬಾಗಿಲು ತೆಗೆದಾಗ ತಾಯಿ ಸತ್ತು ಒಂದು ದಿನವಾಗಿತ್ತು, ಮೂರೂವರೆ ವರ್ಷದ ಮಗು ಬಾಗಿಲಿಗೆ ಒರಗಿ ಕೂತಿತ್ತು. ಆಮೇಲೆ ಅಜ್ಜಿಯೊಬ್ಬಳು ಸಾಕಿದಳು. ಅವಳೂ ಹೋದ ಮೇಲೆ ಮಗು ಮಕ್ಕಳ ಮನೆಗೆ ಬಂತು. ಗಂಟಲು ಸರಿ ಇದೆ, ಕಿವಿ ಸರಿ ಇದೆ ಎಂದು ಡಾಕ್ಟರು ಬರೆದಿದ್ದರು. ಆದರೆ ಮಗು ಮಾತಾಡುತ್ತಿರಲಿಲ್ಲ. ಯಾವ ಕೋಣೆಗೆ ಹೋದರೂ ಬಾಗಿಲ ಪಕ್ಕದಲ್ಲೇ ಕೂರುತ್ತಿತ್ತು. ಕಡತದಲ್ಲಿ ಒಂದು ಸಾಲು ಇತ್ತು: "ಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಲಾಗಿತ್ತು, ಹಾಕಿದವರು ತಿಳಿದುಬಂದಿಲ್ಲ." ನಾನು ಅದನ್ನು ಓದಿ ಪುಟ ತಿರುವಿದ್ದೆ.

ಕಳೆದ ಜುಲೈನಲ್ಲಿ ಹುಡುಗಿಯ ಚಿಕ್ಕಪ್ಪ ಪಾಲಾಕ್ಷನ ಅರ್ಜಿ ಬಂತು. ರೇಷ್ಮೆ ಸೀರೆ ನೇಯುವವನು, ಮನೆಯಲ್ಲೇ ಮಗ್ಗ, ಮಕ್ಕಳಿಲ್ಲ. ಅಣ್ಣನ ಮಗಳನ್ನು ತನಗೆ ಕೊಡಿ ಎಂದು ಕೇಳಿದ್ದ. ಸೆಪ್ಟೆಂಬರಿನಲ್ಲಿ ಸಮಿತಿ ತೀರ್ಮಾನ ಮಾಡಬೇಕಿತ್ತು. ಸಮಿತಿಯ ಅಧ್ಯಕ್ಷೆ ಸುಲೋಚನಮ್ಮ ನಮ್ಮ ಅಭಿಪ್ರಾಯ ಕೇಳಿದರು. ಸ್ವಂತ ಚಿಕ್ಕಪ್ಪ ಇರುವಾಗ ಮಗು ಇಲ್ಲೇಕೆ ಬೆಳೆಯಬೇಕು, ಆ ದಿನ ಹುಡುಗಿಯನ್ನು ಕೇಳೋಣ, ಬೇಡ ಎನ್ನದಿದ್ದರೆ ಕಳಿಸೋಣ ಎಂದು ನಾನು ಹೇಳಿದೆ. ಎಲ್ಲರೂ ಒಪ್ಪಿದರು. ಕಾಫಿ ತಂದಿದ್ದ ಬೊಮ್ಮಕ್ಕ ಲೋಟ ಇಟ್ಟು ಹೋಗಲಿಲ್ಲ.

"ಆ ಮಗೀಗೆ ಬ್ಯಾಡ ಅನ್ನಾಕೆ ಬರಲ್ಲ ಮೇಷ್ಟ್ರೆ. ಅನ್ನಾಕೆ ಬರದೋರ್ನ ಕೇಳಿದ್ರೆ ಏನ್ ಕೇಳ್ದಂಗಾತು?"

ವನಜಾಕ್ಷಿ ಅವಳನ್ನು ಗದರಿ ಒಳಗೆ ಕಳಿಸಿದರು. ನನಗೂ ಅದು ಅಧಿಕಪ್ರಸಂಗ ಎನಿಸಿತು.

ಹೀಗೆ ಎಂಟು ವಾರದೊಳಗೆ ಆ ಹುಡುಗಿಯ ಬಾಯಿಂದ ಬೇಕು ಅಥವಾ ಬೇಡ ಎರಡರಲ್ಲಿ ಒಂದು ಮಾತು ಬರಬೇಕಾಯಿತು. ಪುಷ್ಪಲತಾ ಚೆಂಡು ಉರುಳಿಸಿದಳು, ಮಣ್ಣು ಕೊಟ್ಟಳು. ಸ್ವಪ್ನ ಯಾವುದನ್ನೂ ಮುಟ್ಟಲಿಲ್ಲ. ಕೊನೆಗೆ ಪುಷ್ಪಲತಾ ಬೊಮ್ಮಕ್ಕನನ್ನು, "ನಿಮ್ಮ ಹಟ್ಟಿ ಕಡೆ ಆಟ ಏನಾದ್ರೂ ಇದ್ರೆ ಆಡಿಸ್ರಿ ಬೊಮ್ಮಕ್ಕ, ನನ್ನವು ಖಾಲಿ ಆದ್ವು" ಎಂದು ಕೇಳಿ ಬಸ್ಸು ಹತ್ತಿದಳು.

ಮರುದಿನ ಬೊಮ್ಮಕ್ಕ ಮರಿ ಬಿಡುವ ಆಟ ಆಡಿಸಿದಳು. ತಾಯಿ ಕುರಿಗಳು ಮೇಯಲು ಹೋದಾಗ ಎಳೆಯ ಮರಿಗಳನ್ನು ಹಟ್ಟಿಯಲ್ಲೇ ಕೂಡಿರುತ್ತಾರೆ. ಸಂಜೆ ತಾಯಂದಿರು ಬಂದ ಮೇಲೆ ಮರಿಗಳನ್ನು ಬಿಡುತ್ತಾರೆ. ನೂರು ತಾಯಿ, ನೂರು ಮರಿ, ಎಲ್ಲ ಒಟ್ಟಿಗೆ ಕೂಗುತ್ತವೆ, ಒಂದೊಂದು ಮರಿಯೂ ತನ್ನ ತಾಯಿಯ ದನಿ ಹಿಡಿದು ಹೋಗಿ ಸೇರುತ್ತದೆ. ಹಟ್ಟಿಯ ಮಕ್ಕಳಿಗೆ ಇದೇ ಆಟ. ಅರ್ಧ ಮಕ್ಕಳು ತಾಯಿ, ಇನ್ನರ್ಧ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮರಿ. ಮರಿಗಳನ್ನು ಬಿಡುವವನೊಬ್ಬ ರೊಪ್ಪದ ಬಾಗಿಲೆಂದು ಕೋಲು ಅಡ್ಡ ಹಿಡಿದು ನಿಲ್ಲುತ್ತಾನೆ. ಜೊತೆ ಸಿಗದೆ ಉಳಿದ ಮರಿಗೆ ಎಲ್ಲರೂ ಬೆಲ್ಲ ಕೊಡಬೇಕು. ಏಕೆಂದರೆ ಹಟ್ಟಿಯಲ್ಲಿ ತಾಯಿಯಿಲ್ಲದ ಮರಿ ಒಲೆಯ ಪಕ್ಕ ಮಲಗುತ್ತದೆ, ಮನೆಯವರ ಕೈಯಿಂದ ಹಾಲು ಕುಡಿಯುತ್ತದೆ, ಎಲ್ಲರಿಗಿಂತ ಹೆಚ್ಚು ಮುದ್ದು ಅದಕ್ಕೆ. ಹಾಗೆ ಉಳಿದ ಮರಿಯಾಗುವುದಕ್ಕೆ ತಾನು ಚಿಕ್ಕಂದಿನಲ್ಲಿ ಬೇಕೆಂದೇ ದಾರಿ ತಪ್ಪುತ್ತಿದ್ದೆ ಎಂದು ಬೊಮ್ಮಕ್ಕ ಆಮೇಲೆ ಹೇಳಿದಳು.

ಅವಳು ಸೆರಗಿನಲ್ಲಿ ಬೆಲ್ಲ ಕಟ್ಟಿಕೊಂಡೇ ಇದ್ದಳು. ಅವ್ವನನ್ನು ಹುಡುಕುವ ಆಟವನ್ನು ಅವ್ವ ಇಲ್ಲದ ಮಕ್ಕಳಿಗೆ ಆಡಿಸುತ್ತಿದ್ದೇನೆ ಎನ್ನುವುದು ಮಾತ್ರ ಅವಳಿಗೆ ಹೊಳೆಯಲಿಲ್ಲ. ಸ್ವಪ್ನ ಆಡದೆ ಬಾಗಿಲ ಬಳಿ ಕೂತಿದ್ದಳು. ಉಳಿದ ಹದಿನೆಂಟರಲ್ಲಿ ಒಬ್ಬಳು ತಾಯಿಯಾಗಿ ನಿಂತವಳು ನಡುವೆಯೇ ಆಟ ಬಿಟ್ಟು ಹೋದಳು. ಆರು ವರ್ಷದ ಹುಡುಗನೊಬ್ಬ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅಂಗಳವೆಲ್ಲ ಸುತ್ತಿದ, ಯಾರೂ ಸಿಗಲಿಲ್ಲ. ಮೊದಲು ಆಟಕ್ಕೆ ಕೂಗುತ್ತಿದ್ದವನು ಆಮೇಲೆ ನಿಜವಾಗಿ ಕೂಗತೊಡಗಿದ. ಅವನ ಅಳು ಕೇಳಿ ಇನ್ನೊಬ್ಬ ಅತ್ತ, ಐದಾರು ಮಕ್ಕಳು ಅತ್ತರು, ಇಬ್ಬರು ರಸ್ತೆಯ ಕಡೆ ಓಡಿದರು. ಬೊಮ್ಮಕ್ಕ ಗಾಬರಿಯಲ್ಲಿ ಜಗಲಿಯ ಕಬ್ಬಿಣದ ಬಾಗಿಲನ್ನು ಎಳೆದು ಚಿಲಕ ಹಾಕಿದಳು.

ಚಿಲಕದ ಸದ್ದು ಕೇಳಿದ್ದೇ ಸ್ವಪ್ನ ಕಿರುಚಿದಳು. ಎದ್ದು ಬಂದು ಚಿಲಕದ ಮೇಲಿದ್ದ ಬೊಮ್ಮಕ್ಕನ ಕೈ ಕಚ್ಚಿದಳು. ಬಿಡಿಸಲು ಇಬ್ಬರು ಬೇಕಾಯಿತು. ಆ ಹಲ್ಲಿನ ಗುರುತು ಬೊಮ್ಮಕ್ಕನ ಎಡಗೈಯಲ್ಲಿ ಈಗಲೂ ಇದೆ.

ಆ ರಾತ್ರಿ ಅರ್ಧ ಮಕ್ಕಳು ಊಟ ಮಾಡಲಿಲ್ಲ ಎಂದು ವನಜಾಕ್ಷಿಯ ವರದಿ ಹೇಳುತ್ತದೆ. ಬೊಮ್ಮಕ್ಕ ಇನ್ನು ಬಡಿಸುವ ಹೊತ್ತು ಬಿಟ್ಟರೆ ಅಡುಗೆಕೋಣೆಯಿಂದ ಹೊರಗೆ ಬರಕೂಡದು, ಮಕ್ಕಳನ್ನು ಆಡಿಸಕೂಡದು ಎಂದು ತಾಕೀತಾಯಿತು. ಪುಷ್ಪಲತಾ ಬಂದು ತಪ್ಪು ತನ್ನದೂ ಹೌದು ಎಂದಳು. ಬೊಮ್ಮಕ್ಕ ಬೆಲ್ಲವನ್ನು ಡಬ್ಬಿಗೆ ಹಾಕಿ, "ನನ್ನ ಬುದ್ಧಿಗೆ ಮಣ್ಣು ಹಾಕ" ಎಂದು ತನ್ನನ್ನೇ ಬೈದುಕೊಂಡಳು. ಆಮೇಲೆ ವನಜಾಕ್ಷಿಯ ಮುಂದೆ ನಿಂತು ಒಂದನ್ನು ಮಾತ್ರ ಕೇಳಿದಳು.

"ಅಡುಗೆಮನೆ ಬಾಗಿಲ ಚಿಲಕ ಕೀಳಿಸಿಬಿಡ್ರಿ ಮೇಡಮ್. ಆ ಮಗು ಕಚ್ಚಿದ್ದು ನನ್ನಲ್ಲ, ಚಿಲಕಾನ."

ಅಷ್ಟು ದಿನ ಕಡತದಲ್ಲಿದ್ದ ಸಾಲನ್ನು ಅದನ್ನು ಓದಲು ಬಾರದವಳು ಓದಿದ್ದಳು. ಬಡಗಿ ಬಂದು ಚಿಲಕ ಕಿತ್ತುಕೊಂಡು ಹೋದ. ಬಾಗಿಲ ಮೇಲೆ ನಾಲ್ಕು ಮೊಳೆಯ ತೂತು ಉಳಿದವು. ಸ್ವಪ್ನ ಎರಡು ದಿನ ದೂರದಿಂದ ನೋಡಿದಳು. ಮೂರನೆಯ ದಿನ ಬಂದು ಆ ತೂತುಗಳಲ್ಲಿ ಬೆರಳಿಟ್ಟು ಪರೀಕ್ಷಿಸಿ, ಅದೇ ಹೊಸ್ತಿಲಲ್ಲಿ ಕೂತಳು. ಬೊಮ್ಮಕ್ಕ ತನ್ನ ಪಾಡಿಗೆ ಹಿಟ್ಟು ತಿರುವುತ್ತಿದ್ದಳು.

ಹೀಗೆ ಒಂದು ವಾರವಾದ ಮೇಲೆ ಒಂದು ಮಧ್ಯಾಹ್ನ ಬೊಮ್ಮಕ್ಕ ಸಾರಿನ ಪಾತ್ರೆ ಎತ್ತಿಕೊಂಡು ಹೊರಟರೆ ಬಾಗಿಲಿಗೆ ಮುದ್ದೆ ಕೋಲು ಅಡ್ಡ ಬಂತು. ಸ್ವಪ್ನ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಆಟದ ದಿನ ರೊಪ್ಪದ ಬಾಗಿಲಿಗೆ ನಿಂತಿದ್ದ ಹುಡುಗ ಹಿಡಿದದ್ದನ್ನು ಕಂಡಿದ್ದಳೆಂದು ಕಾಣುತ್ತದೆ. ಕೈಯಲ್ಲಿ ಕುದಿಯುವ ಸಾರು, ಎದುರಿಗೆ ಕೋಲು. ನಾನಾಗಿದ್ದರೆ ಗದರುತ್ತಿದ್ದೆ. ಬೊಮ್ಮಕ್ಕ ತಲೆ ತಗ್ಗಿಸಿ "ಬ್ಯಾ" ಎಂದಳು.

ಹುಡುಗಿ ಅವಳ ಮುಖವನ್ನು ಬಹಳ ಹೊತ್ತು ನೋಡಿತು. ಆಮೇಲೆ ಕೋಲು ಎತ್ತಿತು.

ಮರುದಿನವೂ ಹೀಗೇ ಆಯಿತು. "ಮುಖ ನೋಡಿ ನಮ್ದು ಅನ್ನಿಸಿದ್ರೆ ಬಿಡವ್ವ, ನಮ್ದಲ್ಲ ಅನ್ನಿಸಿದ್ರೆ ಬಿಡಬ್ಯಾಡ. ನಮ್ದಲ್ದಿದ್ರೂ ಮೇವು ಮಾತ್ರ ಹಾಕ್ಬೇಕು, ತಿಳೀತಾ?" ಎಂದು ಬೊಮ್ಮಕ್ಕ ಹಟ್ಟಿಯ ನಿಯಮ ಹೇಳಿಕೊಟ್ಟಳು. ಊಟಕ್ಕೆ ಬಂದ ಮಕ್ಕಳು ಇದನ್ನು ನೋಡಿ ತಾವೂ ಸಾಲು ನಿಂತು ಕೂಗಿದರು. ಅವ್ವನನ್ನು ಹುಡುಕುವಾಗ ಅತ್ತಿದ್ದ ಮಕ್ಕಳೇ ಈ ಆಟಕ್ಕೆ ಬಿದ್ದುಬಿದ್ದು ನಗುತ್ತಿದ್ದರು. ಊಟ ಅರ್ಧ ಗಂಟೆ ತಡವಾಗತೊಡಗಿತು. ಮುದ್ದೆ ತಿರುವಲು ಬೊಮ್ಮಕ್ಕ ಬೇರೆ ಕೋಲು ತರಿಸಿಕೊಂಡಳು. ಶಿಸ್ತು ಹಾಳಾಗುತ್ತಿದೆ ಎಂದು ವನಜಾಕ್ಷಿ ತಕರಾರು ತೆಗೆದಾಗ ಪುಷ್ಪಲತಾ, "ಮೇಡಮ್, ಈ ಮಗು ಜೀವನದಲ್ಲಿ ಮೊದಲ್ನೇ ಸಲ ಬಾಗ್ಲು ತೆಗಿಯೋದು ಹಾಕೋದು ತಾನೇ ಮಾಡ್ತಿದೆ. ದಯವಿಟ್ಟು ತಡೀಬೇಡಿ" ಎಂದು ಕೈಮುಗಿದಳು.

ಆಗಸ್ಟಿನ ಕೊನೆಯಲ್ಲಿ ನಾನು ಅಡುಗೆಕೋಣೆಯ ಸ್ವಚ್ಛತೆ ನೋಡಲು ಹೋದದ್ದು, ಮೊದಲೇ ಹೇಳಿದ ಆ ದಿನ. ಕೋಲು ಅಡ್ಡ ಬಂತು. ಮಕ್ಕಳೆಲ್ಲ "ಕೂಗ್ರಿ ಸಾರ್, ಕೂಗ್ರಿ" ಎಂದರು. ನಾನು ಬಿಗಿದುಕೊಂಡು ನಿಂತೆ. ಸ್ವಪ್ನ ನನ್ನ ಮುಖ ನೋಡಿದಳು. ಆಮೇಲೆ ಒಡೆದ, ತೀರಾ ಸಣ್ಣ ದನಿಯೊಂದು ಕೇಳಿಸಿತು.

"ನಮ್ದಲ್ಲ."

ಒಳಗೆ ಬೊಮ್ಮಕ್ಕನ ಕೈಯಿಂದ ತಟ್ಟೆ ಬಿತ್ತು. ಆ ಹುಡುಗಿ ಮಾತಾಡಿದ್ದನ್ನು ಆ ಮನೆಯಲ್ಲಿ ಯಾರೂ ಅಲ್ಲಿಯ ತನಕ ಕೇಳಿರಲಿಲ್ಲ. ಅದು ನನಗೂ ಗೊತ್ತಿತ್ತು. ಆದರೂ ನನಗೆ ಆ ಹೊತ್ತಿನಲ್ಲಿ ಕಂಡದ್ದು ನನಗಾದ ಅವಮಾನ ಮಾತ್ರ. ಆ ವಿಷಯಕ್ಕೆ ಈಗ ನಾಚಿಕೆಯಾಗುತ್ತದೆ.

ಆಮೇಲೆ ಅವಳು ಮತ್ತೆ ಬಾಯಿ ಬಿಡಲಿಲ್ಲ. ಸೆಪ್ಟೆಂಬರಿನ ದಿನ ಬಂತು. ಮಕ್ಕಳ ಮನೆಯ ಕಚೇರಿಯಲ್ಲೇ ನಾವು ಕೂತೆವು. ಸ್ವಪ್ನಳನ್ನು ಕರೆತಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಕೋಲು ಬಿಟ್ಟು ಬರಲು ಒಪ್ಪಿರಲಿಲ್ಲ, ತೊಡೆಯ ಮೇಲೆ ಇತ್ತು. ಸುಲೋಚನಮ್ಮ ಅಕ್ಕರೆಯಿಂದಲೇ ಕೇಳಿದರು: ಚಿಕ್ಕಪ್ಪನ ಮನೆಗೆ ಹೋಗುತ್ತೀಯಾ? ಅಲ್ಲಿ ಇರುತ್ತೀಯಾ? ನಾಲ್ಕು ರೀತಿಯಲ್ಲಿ ಕೇಳಿದರು. ಪುಷ್ಪಲತಾ ಪಕ್ಕದಲ್ಲಿ ಕೂತು ಕೇಳಿದಳು. ಹುಡುಗಿ ಕೋಲಿನ ತುದಿ ನೋಡುತ್ತಿತ್ತು. ಕಾಲು ಗಂಟೆ ಕಳೆಯಿತು.

"ವಿರೋಧ ಇಲ್ಲ ಅಂತ ಬರ್ಕೊಳ್ಳೋಣವಾ?" ಎಂದು ಸುಲೋಚನಮ್ಮ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಇದು ಕಡತದಲ್ಲಿ ಇಲ್ಲ, ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದ ಪಾಲಾಕ್ಷನನ್ನು ಕರೆಸಿದರು. ನಲವತ್ತರ ಸಣಕಲು ಮನುಷ್ಯ. ಹುಡುಗಿಗೆಂದು ತಾನೇ ನೇಯ್ದ ರೇಷ್ಮೆಯಲ್ಲಿ ಹೊಲಿಸಿದ ಲಂಗವನ್ನು ಕವರಿನಲ್ಲಿ ಹಿಡಿದಿದ್ದ. ಹೊಸ್ತಿಲ ಬಳಿ ಬಂದು ಅವರ ಕಡೆಯ ತೆಲುಗಿನಲ್ಲಿ "ರಾ ಪಾಪಾ" ಎಂದ. ಬಾ ಮಗಳೇ ಎಂದು ಕರೆದದ್ದು.

ಸ್ವಪ್ನ ಕುರ್ಚಿಯಿಂದ ಜಾರಿ ಇಳಿದಳು. ಬಾಗಿಲಿಗೆ ಹೋಗಿ ಕೋಲು ಅಡ್ಡ ಹಿಡಿದಳು. ಅವನ ಮುಖವನ್ನು ತಲೆಯೆತ್ತಿ ನೋಡಿದಳು. ಅಷ್ಟು ಹೊತ್ತು ಯಾರಾದರೂ ನನ್ನ ಮುಖ ನೋಡಿದ್ದರೆ ನಾನು ಕಣ್ಣು ತಪ್ಪಿಸುತ್ತಿದ್ದೆ. ಪಾಲಾಕ್ಷನೂ ತಪ್ಪಿಸಿದ.

"ನಮ್ದಲ್ಲ" ಎಂದಳು. ಈ ಸಲ ದನಿ ಒಡೆದಿರಲಿಲ್ಲ.

ಪಾಲಾಕ್ಷನಿಗೆ ಆಟದ ಸುದ್ದಿ ಏನೂ ತಿಳಿದಿರಲಿಲ್ಲ. ಆದರೂ ಅವನಿಗೆ ಏನು ತಿಳಿಯಬೇಕೋ ಅದು ತಿಳಿಯಿತು. ಅಲ್ಲೇ ಹೊಸ್ತಿಲ ಹೊರಗೆ ಕೂತ.

"ಚಿಲಕ ಹಾಕ್ದೋನು ನಾನೇ ಸಾರ್. ಪಕ್ಕದ ಮನೆ ನಮ್ದೇ. ಕಾಯಿಲೆ ನಮಗೂ ಬರ್ತೈತೆ ಅಂತ ಓಣಿಯೋರೆಲ್ಲ ಅಂದ್ರು. ಕಿಟಕೀಲಿ ಅನ್ನ ಇಟ್ಟೆ. ಮೊದಲ್ನೇ ದಿನ ಅತ್ತಿಗೆ ತಗೊಂಡ್ಲು. ಎರಡ್ನೇ ದಿನ ಪಾಪ ಒಳಗಿಂದ ಬಾಗ್ಲು ಬಡೀತಿತ್ತು. ನನಗೆ ತೆಗಿಯಾಕೆ ಧೈರ್ಯ ಆಗ್ಲಿಲ್ಲ. ಸದ್ದು ಕೇಳಬಾರ್ದು ಅಂತ ಮಗ್ಗಕ್ಕೆ ಕುಂತೆ ಸಾರ್. ಅದು ಬಡಿಯೋದು ನಿಲ್ಲೋತನಕ ನೇಯ್ತಾನೇ ಇದ್ದೆ."

ಇವಳನ್ನು ಸಾಕಿದರೆ ಆ ಸದ್ದು ಕಿವಿಯಿಂದ ಹೋಗಬಹುದು ಎಂದುಕೊಂಡು ಅರ್ಜಿ ಹಾಕಿದೆ ಎಂದು ಅವನೇ ಹೇಳಿದ. ಅವನನ್ನು ಕೆಟ್ಟವನು ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ಆ ವರ್ಷ ನಾನು ನನ್ನ ಮನೆಯ ಗೇಟಿಗೆ ಒಳಗಿನಿಂದ ಬೀಗ ಹಾಕಿಕೊಂಡು ಕೂತವನು.

ಅರ್ಜಿಯನ್ನು ತಿರಸ್ಕರಿಸಿದೆವು. ಅವನ ಹೇಳಿಕೆಯನ್ನು ಬರೆದು ಪೊಲೀಸರಿಗೆ ಕಳಿಸಿದೆವು, ಮುಂದಿನದು ಅವರಿಗೆ ಬಿಟ್ಟದ್ದು. ಸುದ್ದಿ ಹೇಳೋಣ ಎಂದು ನಾನೇ ಅಡುಗೆಕೋಣೆಗೆ ಹೋದರೆ ಸ್ವಪ್ನ ಆಗಲೇ ಅಲ್ಲಿ ನಿಂತಿದ್ದಳು, ಕೋಲು ಅಡ್ಡ ಇತ್ತು. ಸುತ್ತ ನೋಡಿದೆ. ಹಿಂದೆ ಸುಲೋಚನಮ್ಮ ಬರುತ್ತಿದ್ದರು. ಬಂದರೆ ಬರಲಿ ಎಂದು ತಲೆ ತಗ್ಗಿಸಿ "ಬ್ಯಾ" ಎಂದೆ. ಹುಡುಗಿ ನಮ್ದು ಎನ್ನಲಿಲ್ಲ. ಕೋಲು ಎತ್ತಿದಳು ಅಷ್ಟೆ. ಒಳಗೆ ಬೊಮ್ಮಕ್ಕ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಕೇಳಿದರೆ ಹೊಗೆ ಎಂದಳು. ಗ್ಯಾಸ್ ಒಲೆಗೆ ಹೊಗೆ ಎಲ್ಲಿಂದ ಬರಬೇಕು?

ಬೊಮ್ಮಕ್ಕನ ಮೇಲಿದ್ದ ತಾಕೀತನ್ನು ವನಜಾಕ್ಷಿ ತೆಗೆದುಹಾಕಿದರು. ಅವಳೇನೂ ದೊಡ್ಡ ಮನುಷ್ಯಳಾಗಲಿಲ್ಲ. ಈಗಲೂ ಆಯಾ, ಈಗಲೂ ಹೇನು ತೆಗೆಯುತ್ತಾಳೆ. ಮಕ್ಕಳಿಗೆ ಹೊಸ ಆಟ ಆಡಿಸುವ ಮೊದಲು ಮಾತ್ರ ಪುಷ್ಪಲತಾಳನ್ನು ಒಂದು ಮಾತು ಕೇಳುತ್ತಾಳೆ. ಪುಷ್ಪಲತಾಳೂ ಅವಳನ್ನು ಕೇಳುತ್ತಾಳೆ.

ಪಾಲಾಕ್ಷ ಬರುವುದನ್ನು ಬಿಡಲಿಲ್ಲ. ತಿಂಗಳ ಎರಡನೆಯ ಭಾನುವಾರ ಮೊಳಕಾಲ್ಮೂರಿನ ಬಸ್ಸಿಗೆ ಬಂದು ಊಟದ ಹೊತ್ತಿಗೆ ಅಡುಗೆಕೋಣೆಯ ಬಾಗಿಲ ಹೊರಗೆ ನಿಲ್ಲುತ್ತಾನೆ. ಸ್ವಪ್ನ ಬೇಡವೆಂದರೆ ಗೇಟಿನಿಂದಲೇ ಕಳಿಸುವುದು ಎಂದು ಪುಷ್ಪಲತಾ ಗೊತ್ತು ಮಾಡಿದ್ದಾಳೆ. ಈಗ ಅವಳು ಒಂದೊಂದು ಮಾತಾಡುತ್ತಾಳೆ, ಆದರೂ ಇನ್ನೂ ಬೇಡವೆಂದಿಲ್ಲ. ಅವನನ್ನು ಕಂಡ ಕೂಡಲೇ ಕೋಲು ಅಡ್ಡ ಹಿಡಿಯುತ್ತಾಳೆ. ಅವನು ಕೂಗುವುದಿಲ್ಲ, ಒಳಗೆ ಬಿಡು ಎನ್ನುವುದಿಲ್ಲ. ಬೊಮ್ಮಕ್ಕ ಕೋಲಿನ ಮೇಲಿಂದ ಒಂದು ತಟ್ಟೆ ದಾಟಿಸುತ್ತಾಳೆ. ಉಂಡು, ತಟ್ಟೆ ತೊಳೆದಿಟ್ಟು ಹೋಗುತ್ತಾನೆ.

ಹೋದ ತಿಂಗಳು ನಾನೂ ಅಲ್ಲಿದ್ದೆ. ಯಾರದೋ ಹುಟ್ಟುಹಬ್ಬ, ಪಾಯಸ ಮಾಡಿದ್ದರು, ಗದ್ದಲ. ಬೊಮ್ಮಕ್ಕ ಮಕ್ಕಳಿಗೆಲ್ಲ ಬಡಿಸಿ ತಾನೂ ತಟ್ಟೆ ಹಾಕಿಕೊಂಡು ಕೂತಳು. ಪಾಲಾಕ್ಷ ಹೊರಗೆ ಸುಮ್ಮನೆ ನಿಂತಿದ್ದ. ಬಾಗಿಲಲ್ಲಿದ್ದ ಸ್ವಪ್ನ ಅವನನ್ನು ನೋಡಿದಳು, ತಿರುಗಿ ಬೊಮ್ಮಕ್ಕನನ್ನು ನೋಡಿದಳು.

"ಅಜ್ಜಿ, ಆ ಕುರೀಗೆ ಮೇವು ಹಾಕಿಲ್ಲ ನೀನು."

ಬೊಮ್ಮಕ್ಕ ತುತ್ತು ಬಿಟ್ಟು ಎದ್ದಳು. ಮುದ್ದೆ, ಸಾರು, ಪಾಯಸ ಎಲ್ಲ ಹಾಕಿ ತಂದು ಕೋಲಿನ ಮೇಲಿಂದ ದಾಟಿಸಿದಳು. ಪಾಲಾಕ್ಷ ಎರಡೂ ಕೈಯಲ್ಲಿ ತಟ್ಟೆ ಇಸಿದುಕೊಂಡ. ಅವನು ನಿಂತುಕೊಂಡೇ ಉಂಡ. ಉಂಡು ಮುಗಿಸುವ ತನಕ ಸ್ವಪ್ನ ಕೋಲು ಅಡ್ಡ ಹಿಡಿದೇ ಇದ್ದಳು.